ಸೈಕಲ್ ಹುಡುಕುತ್ತಾ ಕಂಡ ರೋಮ್

ಎಲ್ಲರಿಗೂ ನಮಸ್ಕಾರ. ಈ ಜಡಿಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ಕೊಡೆಗಳನ್ನೆಲ್ಲ ಬಾಗಿಲ ಹತ್ತಿರ ಬಕೆಟ್ಟಿನಲ್ಲಿ ಇಟ್ಟಿದ್ದೀರಿ. ಹೋಗುವಾಗ ದಯವಿಟ್ಟು ನಿಮ್ಮದನ್ನೇ ತಗೊಂಡು ಹೋಗಿ. ಇವತ್ತಿನ ಸಿನಿಮಾಕ್ಕೂ ಈ ಮಾತಿಗೂ ಸಂಬಂಧ ಇದೆ.

ಹಿಂದಿರುವ ಬ್ಯಾನರ್ ನೋಡಿ. ಚಂದದ ಊರುಗಳ ಸಿನಿಮಾ ಅಂತ ಬರೆಸಿದ್ದಾರೆ. ಈ ತಿಂಗಳು ರೋಮ್. ಸಂಘದವರು 'ರೋಮನ್ ಹಾಲಿಡೇ' ಹಾಕೋಣ ಅಂದರು. ನಾನು 'ಬೈಸಿಕಲ್ ಥೀವ್ಸ್' ಅಂದೆ. ಒಬ್ಬರು ಮುಖ ಹುಳ್ಳಗೆ ಮಾಡಿಕೊಂಡು, "ಸಾರ್, ಅದರಲ್ಲಿ ರೋಮ್ ಎಲ್ಲಿದೆ? ಬರೀ ಬಡತನ ಅಲ್ವಾ?" ಅಂದರು. ಎರಡು ವಾರ ಜಗಳ ನಡೆಯಿತು. ಕೊನೆಗೆ, ಇವರು ವಯಸ್ಸಾದವರು, ಹೋಗಲಿ ಪಾಪ ಅಂತ ನನಗೆ ಬಿಟ್ಟುಕೊಟ್ಟರು. ಅವರ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ ನಿಂತಿದ್ದೇನೆ. 40 ನಿಮಿಷ ಕೊಟ್ಟಿದ್ದಾರೆ.

ನನಗೆ ಹೇಳಲಿಕ್ಕೆ ಇರುವುದು ಒಂದೇ ಮಾತು. ಊರು ನೋಡಲಿಕ್ಕೆ ಅಂತಲೇ ಹೋದವನಿಗೆ ಊರು ಕಾಣುವುದಿಲ್ಲ. ಏನೋ ಕೆಲಸ ಹೊತ್ತು ಅಲೆಯುವವನಿಗೆ ಕಾಣುತ್ತದೆ. ಕ್ಯಾಮೆರಾಕ್ಕೂ ಇದೇ ಲೆಕ್ಕ. ಈಗ ನಮ್ಮ ಶಿವಮೊಗ್ಗದ ವಿಡಿಯೋಗಳನ್ನೇ ತಗೊಳ್ಳಿ. ಎಲ್ಲವೂ ಡ್ರೋನ್. ಮೇಲಿಂದ ತುಂಗೆ, ಮೇಲಿಂದ ಸೇತುವೆ, ಮೇಲಿಂದ ಕಮಲದ ಆಕಾರದ ವಿಮಾನ ನಿಲ್ದಾಣ. ಹಿಂದೆ ಒಂದು ಕೊಳಲು. ಹದ್ದಿಗೆ ನಮ್ಮೂರು ಹೇಗೆ ಕಾಣುತ್ತದೆ ಅಂತ ಚೆನ್ನಾಗಿ ಗೊತ್ತಾಯಿತು. ಮೆಗ್ಗಾನ್ ಆಸ್ಪತ್ರೆಯಲ್ಲಿರುವ ಅಮ್ಮನಿಗೆ ಟಿಫನ್ ಕ್ಯಾರಿಯರ್ ಹಿಡಿದು ಗಾಂಧಿ ಬಜಾರಿನ ಜನರ ನಡುವೆ ನುಗ್ಗುವ ಹುಡುಗನಿಗೆ ಹೇಗೆ ಕಾಣುತ್ತದೆ? ಅದನ್ನು ಯಾರೂ ತೆಗೆದಿಲ್ಲ.

ಈಗ ನಮ್ಮ ಚಿಕ್ಕಪ್ಪನ ಕಥೆ ಹೇಳಬೇಕು. ಸ್ವಲ್ಪ ಉದ್ದ ಇದೆ, ತಾಳ್ಮೆ ಇರಲಿ.

1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಶುರುವಾಯಿತು. ಅದು ನಮ್ಮ ಸೀಮೆಗೆ ಏನು ಮಾಡಿತು ಅಂತ ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಅಡಿಕೆ ಸುಲಿಯುವವರ ಬಾಯಲ್ಲಿ ಜಪಾನಿನ ನಿರ್ದೇಶಕ ಕುರೊಸಾವಾ ಹೆಸರು ಬರುತ್ತಿದ್ದ ಕಾಲ ಅದು. ಆ ಗಾಳಿಯಲ್ಲೇ ನಮ್ಮ ಹಳ್ಳಿಯ ಶಾಲೆಗೂ ಒಂದು ಸಂಜೆ 16 ಎಂಎಂ ಪ್ರೊಜೆಕ್ಟರ್ ಬಂತು. ಗೋಡೆಗೆ ಬಿಳಿ ಪಂಚೆ ಕಟ್ಟಿದರು. ನಾನು ಹೈಸ್ಕೂಲು ಹುಡುಗ. ಚಿಕ್ಕಪ್ಪನ ಜೊತೆ ಹೋಗಿದ್ದೆ.

ಚಿಕ್ಕಪ್ಪನಿಗೆ ಅದಕ್ಕೆ ಎರಡು ವರ್ಷ ಮೊದಲು ಸಾಗರದ ಸಂತೆಯಲ್ಲಿ ಸೈಕಲ್ ಕಳುವಾಗಿತ್ತು. ಹರ್ಕ್ಯುಲಿಸ್ ಸೈಕಲ್. ಸೀಟಿಗೆ ಚಿಕ್ಕಮ್ಮ ತನ್ನ ಹಳೇ ಸೀರೆಯ ಅಂಚಿನಿಂದ ಕವರ್ ಹೊಲಿದಿದ್ದಳು, ಹಸಿರು ಮೈಗೆ ಕೆಂಪು ಚೌಕುಳಿ. ಅವರು ವೀಳ್ಯದೆಲೆ ಚೌಕಾಶಿ ಮಾಡಿ ತಿರುಗುವಷ್ಟರಲ್ಲಿ ಸೈಕಲ್ ಇಲ್ಲ. ಆಮೇಲೆ ಒಂದು ವರ್ಷ, ಪ್ರತಿ ಸಂತೆಗೂ, ಅಡಿಕೆ ಇರಲಿ ಬಿಡಲಿ, ಸಾಗರಕ್ಕೆ ಹೋದರು. ಹೋಟೆಲ್ ಮುಂದೆ, ಟಾಕೀಸ್ ಮುಂದೆ, ಮಿಲ್ಲಿನ ಮುಂದೆ ನಿಂತ ಒಂದೊಂದು ಸೈಕಲಿನ ಸೀಟೂ ನೋಡಿದರು. ಒಂದು ಸಲ ಯಾರದೋ ಹ್ಯಾಂಡಲ್ ಹಿಡಿದು ಎಳೆದು ಬೈಸಿಕೊಂಡೂ ಬಂದರು. ಸೈಕಲ್ ಸಿಗಲಿಲ್ಲ. ಆದರೆ ಸಾಗರದಲ್ಲಿ ಯಾವ ಓಣಿ ಯಾವ ಓಣಿಗೆ ಸೇರುತ್ತದೆ, ಯಾವ ಮನೆಯ ಜಗುಲಿಯಲ್ಲಿ ಮಧ್ಯಾಹ್ನ ನೆರಳು, ಬೀಗ ರಿಪೇರಿಯವನು ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತಾನೆ, ಎಲ್ಲಾ ಬಾಯಿಪಾಠ. "ಮೂವತ್ತು ವರ್ಷ ಸಾಗರಕ್ಕೆ ಹೋದೆ ಮಾರಾಯ, ಸಾಗರ ನೋಡಿದ್ದು ಸೈಕಲ್ ಹೋದ ಮೇಲೆಯೇ" ಅನ್ನುತ್ತಿದ್ದರು.

ಅಂಥವರನ್ನು ಕೂರಿಸಿ 'ಬೈಸಿಕಲ್ ಥೀವ್ಸ್' ತೋರಿಸಿದರೆ ಹೇಗಿರಬೇಡ! ಭಾಷೆ ಇಟಾಲಿಯನ್. ಒಂದಕ್ಷರ ಅರ್ಥ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಕಥೆಯ ಅಪ್ಪನಿಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ. ಸೈಕಲ್ ಇದ್ದರೆ ಮಾತ್ರ ಕೆಲಸ. ಸೈಕಲ್ ಅಡವಿನಲ್ಲಿದೆ. ಹೆಂಡತಿ ಮಂಚದ ಮೇಲಿನ ಬೆಡ್‌ಶೀಟುಗಳನ್ನೇ ಕಿತ್ತು ಅಡವಿಡುತ್ತಾಳೆ. ಅಡವಿನಂಗಡಿಯವನು ಆ ಗಂಟು ಹೊತ್ತು ಕಪಾಟು ಹತ್ತುತ್ತಾನೆ. ಹತ್ತುತ್ತಾನೆ, ಹತ್ತುತ್ತಲೇ ಇರುತ್ತಾನೆ. ಸೂರಿನವರೆಗೂ ಬೇರೆಯವರ ಬೆಡ್‌ಶೀಟುಗಳ ಗಂಟು! ಒಂದೂ ಮಾತಿಲ್ಲದೆ ಇಡೀ ರೋಮ್ ಏನು ಹೊದ್ದು ಮಲಗುತ್ತಿದೆ ಅಂತ ಹೇಳಿಬಿಟ್ಟರಲ್ಲ! ಇದನ್ನು ಡ್ರೋನಿನಿಂದ ಹೇಗೆ ತೆಗೀತೀರಿ?

ಕೆಲಸದ ಮೊದಲ ದಿನವೇ, ಹಾಲಿವುಡ್ ನಟಿ ರೀಟಾ ಹೇವರ್ತ್ ಪೋಸ್ಟರ್ ಅಂಟಿಸುತ್ತಿರುವಾಗ, ಸೈಕಲ್ ಹೋಗುತ್ತದೆ. ಆಮೇಲೆ ಅಪ್ಪ ಮಗ ಇಬ್ಬರೂ ನಡೆಯುತ್ತಾರೆ. ಪಿಯಾತ್ಸಾ ವಿತ್ತೋರಿಯೊದ ಮಾರುಕಟ್ಟೆಯಲ್ಲಿ ಬೆಲ್ಲು, ಟೈರು, ಪಂಪು, ಬಿಚ್ಚಿಟ್ಟ ಸೈಕಲುಗಳ ರಾಶಿ. ಆಮೇಲೆ ಪೋರ್ತಾ ಪೋರ್ತೇಸೆ ಸಂತೆ, ನದಿ ದಂಡೆ, ಚರ್ಚು, ಹೋಟೆಲು. 1948ರ ರೋಮ್, ಯುದ್ಧ ಮುಗಿದು ಮೂರೇ ವರ್ಷ. ನಿರ್ದೇಶಕ ಡಿ ಸಿಕಾ ಕೊಲೋಸಿಯಂ ಮುಂದೆ ನಿಲ್ಲಿಸಿ 'ನೋಡಿ' ಅನ್ನುವುದಿಲ್ಲ. ಆದರೂ ಸಿನಿಮಾ ಮುಗಿದಾಗ ಆ ಊರಿನಲ್ಲಿ ಒಬ್ಬರೇ ನಡೆದು ಬರಬಹುದು ಅನಿಸುತ್ತದೆ. ಅಪ್ಪನ ಪಾತ್ರಧಾರಿ ಲಂಬೆರ್ತೊ ಮಜ್ಜೊರಾನಿ ನಟನೇ ಅಲ್ಲ, ಕಾರ್ಖಾನೆ ಕೆಲಸಗಾರ. 1950ರಲ್ಲಿ ಲಂಡನ್ನಿನಲ್ಲಿ ಸತ್ಯಜಿತ್ ರಾಯ್ ನೋಡಿದ್ದು ಇದನ್ನೇ. ಮುಂದೆ ಅವರು 'ಪಥೇರ್ ಪಾಂಚಾಲಿ' ತೆಗೆದ ಕಥೆ ನಿಮಗೆ ಗೊತ್ತು.

ಆ ಸಂಜೆ ಮನೆಗೆ ನಡೆದು ಬರುವಾಗ ಚಿಕ್ಕಪ್ಪ ಲಾಟೀನು ಹಿಡಿದು ಮುಂದೆ. ಎಷ್ಟೋ ಹೊತ್ತು ಮಾತಿಲ್ಲ. ಹಳ್ಳದ ಸಂಕ ದಾಟಿದ ಮೇಲೆ, "ಆ ಮೊದಲನೇ ಮಾರ್ಕೆಟಿಗೆ ಅವರು ಬೆಳಿಗ್ಗೆ ಇನ್ನೂ ಬೇಗ ಹೋಗಬೇಕಿತ್ತು" ಅಂದರು.

ಈಗ 'ರೋಮನ್ ಹಾಲಿಡೇ'ಗೆ ಬರುತ್ತೇನೆ. ಮುಂದಿನ ಸಾಲಿನವರ ಮುಖ ಅರಳಿತು ನೋಡಿ! ನಾನೇನೂ ಅದರ ವೈರಿ ಅಲ್ಲ. 1953ರ ಸಿನಿಮಾ, ವಿಲಿಯಂ ವೈಲರ್ ನಿರ್ದೇಶನ. ಇಡೀ ಚಿತ್ರ ರೋಮಿನಲ್ಲೇ ತೆಗೆದದ್ದು ಅಂತ ಟೈಟಲ್ಲಿನಲ್ಲೇ ಹೆಮ್ಮೆಯಿಂದ ಹಾಕಿಕೊಂಡಿದ್ದಾರೆ. ಆದರೆ ಅದು ಯಾಕೆ ಚಂದ? ಅಲ್ಲೂ ನನ್ನ ಮಾತೇ ನಿಲ್ಲುತ್ತದೆ. ರಾಜಕುಮಾರಿಗೆ ಒಂದೇ ದಿನ ರಜೆ. ಕೂದಲು ಕತ್ತರಿಸಿಕೊಳ್ಳಬೇಕು, ಐಸ್ಕ್ರೀಂ ತಿನ್ನಬೇಕು, ಸ್ಕೂಟರ್ ಓಡಿಸಬೇಕು. ಅವಳ ಹಿಂದೆ ಪತ್ರಕರ್ತ, ಅವನಿಗೆ ಸುದ್ದಿ ಬೇಕು. ಇಬ್ಬರೂ ಬಿಜಿ. ಊರು ಅವರ ಹಿಂದೆ ಸುಮ್ನೆ ನಿಂತಿದೆ, ಅದಕ್ಕೇ ಚಂದ.

ಕಲ್ಲಿನ ಮುಖದ ಬಾಯಿಗೆ ಕೈ ಹಾಕುವ ದೃಶ್ಯ ನೆನಪಿದೆಯಾ? ಸುಳ್ಳು ಹೇಳಿದವರ ಕೈ ಕಚ್ಚುತ್ತದೆ ಅಂತ ನಂಬಿಕೆ. ಪತ್ರಕರ್ತನ ಪಾತ್ರದ ಗ್ರೆಗರಿ ಪೆಕ್ ಕೈ ಹೊರಗೆ ಎಳೆದಾಗ ಕೋಟಿನ ತೋಳಿನೊಳಗೆ ಹಸ್ತ ಮುಚ್ಚಿಕೊಂಡಿರುತ್ತಾನೆ. ರಾಜಕುಮಾರಿ ಪಾತ್ರದ ಆಡ್ರೆ ಹೆಪ್ಬರ್ನ್‌ಗೆ ಮೊದಲೇ ಹೇಳಿರಲಿಲ್ಲ. ಆ ಕಿರುಚಾಟ ನಿಜವಾದದ್ದು. ಈಗ ಅಲ್ಲಿ ಉದ್ದ ಕ್ಯೂ. ಒಬ್ಬೊಬ್ಬರೂ ಕೈ ಹಾಕಿ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಯಾರೂ ಕಿರುಚುವುದಿಲ್ಲ. ಅವಳು ಕೂತು ಐಸ್ಕ್ರೀಂ ತಿಂದ ಸ್ಪ್ಯಾನಿಷ್ ಸ್ಟೆಪ್ಸ್ ಮೇಲೆ 2019ರಿಂದ ಕೂತರೇ ದಂಡ, 400 ಯೂರೋವರೆಗೂ. ನೋಡಲಿಕ್ಕೆ ಬಂದವರು ಜಾಸ್ತಿಯಾಗಿ ಕೂರಲಿಕ್ಕೇ ಜಾಗ ಇಲ್ಲ!

ನಾನೂ ಹೋಗಿದ್ದೆ ಸ್ವಾಮಿ, ನಗಬೇಡಿ. ಮಗ ಟಿಕೆಟ್ ಮಾಡಿಸಿದ್ದ. ಒಂದು ಟೂರ್ ಕಂಪನಿ, ಹೆಸರು ಬೇಡ. ಗೈಡ್ ಕೈಯಲ್ಲಿ ಹಳದಿ ಬಾವುಟ. ಅದರ ಹಿಂದೆ ನಾವು ಮೂವತ್ತು ಜನ, ಬಾತುಕೋಳಿ ಸಾಲಿನ ಹಾಗೆ. ಟ್ರೆವಿ ಕಾರಂಜಿಗೆ 12 ನಿಮಿಷ. ಅದರಲ್ಲಿ ಐದು ನಿಮಿಷ ನಮ್ಮವಳು ನೀರಿಗೆ ಎಸೆಯಲಿಕ್ಕೆ ಚಿಲ್ಲರೆ ನಾಣ್ಯ ಹುಡುಕಿದಳು. ನನಗೆ ನೆನಪಿರುವುದು ಹಳದಿ ಬಾವುಟ ಒಂದೇ. ಕೊನೆಯ ದಿನ ಭಾನುವಾರ. ಹೊಟ್ಟೆ ಸರಿ ಇಲ್ಲ ಅಂತ ಸುಳ್ಳು ಹೇಳಿ, ಕಲ್ಲಿನ ಬಾಯಿಗೆ ಕೈ ಹಾಕಿದ್ದರೆ ಹೋಗಿಯೇ ಬಿಡುತ್ತಿತ್ತು, ಗುಂಪಿನಿಂದ ತಪ್ಪಿಸಿಕೊಂಡು ಪೋರ್ತಾ ಪೋರ್ತೇಸೆ ಸಂತೆಗೆ ಹೋದೆ. ಈಗಲೂ ಭಾನುವಾರ ಬೆಳಿಗ್ಗೆ ಸಂತೆ ನಡೆಯುತ್ತದೆ. ಹಳೇ ಬಟ್ಟೆ, ಹಳೇ ದೀಪ, ಮುರಿದ ಕ್ಯಾಮೆರಾ. ಒಂದು ಕಡೆ ಸೈಕಲ್ ಸೀಟುಗಳು. ಹಸಿರಿಗೆ ಕೆಂಪು ಚೌಕುಳಿ ಏನಾದರೂ ಇದೆಯಾ ಅಂತ ನೋಡಿದೆ. ಹುಚ್ಚು! ಸಾಗರದ ಸೈಕಲ್ಲಿನ ಸೀಟು ಅಲ್ಲಿಗೆ ಹ್ಯಾಗೆ ಬರುತ್ತದೆ? ಆದರೆ ಆ ಒಂದು ಗಂಟೆ ರೋಮ್ ನನಗೆ ಕಂಡಿತು.

ಚೀಟಿ ಬಂತು. ಹತ್ತು ನಿಮಿಷವಂತೆ. ಇನ್ನು ಓಡಿಸುತ್ತೇನೆ.

ಇಟಲಿಯ ನಿರ್ದೇಶಕ ಫೆಲಿನಿಯ 'ಲಾ ದೋಲ್ಚೆ ವೀಟಾ', 1960. ಟ್ರೆವಿ ಕಾರಂಜಿಯ ನೀರಿನಲ್ಲಿ ನಟಿ ಅನಿಟಾ ಎಕ್ಬರ್ಗ್. ಚಳಿಗಾಲದ ರಾತ್ರಿ ತೆಗೆದದ್ದು. 1996ರಲ್ಲಿ ಆ ಸಿನಿಮಾದ ನಾಯಕ ಮಾರ್ಚೆಲ್ಲೊ ಮಾಸ್ಟ್ರೊಯಾನಿ ತೀರಿಕೊಂಡಾಗ ರೋಮಿನವರು ಕಾರಂಜಿಯ ನೀರು ನಿಲ್ಲಿಸಿ ಕಪ್ಪು ಬಟ್ಟೆ ಹೊದಿಸಿದರು. ಒಂದು ಊರು ನಟನಿಗೆ ಸೂತಕ ಆಚರಿಸಿದ್ದು. ಫೆಲಿನಿಯದೇ 1972ರ 'ರೋಮಾ'ದಲ್ಲಿ ಮೆಟ್ರೋ ಅಗೆಯುವವರು ಸಾವಿರಾರು ವರ್ಷದ ಹಳೇ ಮನೆಯೊಂದರೊಳಗೆ ಹೋಗುತ್ತಾರೆ. ಗೋಡೆ ತುಂಬ ಚಿತ್ರ. ಹೊರಗಿನ ಗಾಳಿ ತಾಗಿದ್ದೇ ಅವು ಕಣ್ಣೆದುರೇ ಮಾಸಿಹೋಗುತ್ತವೆ. ಇದರ ಬಗ್ಗೆ ಎರಡು ಪುಟ ಬರೆದುಕೊಂಡು ಬಂದಿದ್ದೆ. ಇರಲಿ. 2013ರ 'ದ ಗ್ರೇಟ್ ಬ್ಯೂಟಿ' ನೋಡಿ. ಶುರುವಿನಲ್ಲೇ ಬೆಟ್ಟದ ಮೇಲಿಂದ ರೋಮಿನ ಫೋಟೋ ತೆಗೆಯುತ್ತಿದ್ದ ಪ್ರವಾಸಿ ಅಲ್ಲೇ ಕುಸಿದು ಸಾಯುತ್ತಾನೆ. ಮೇಲಿಂದ ನೋಡಬೇಡಿ ಅಂತ ನಾನು ಸುಮ್ನೆ ಹೇಳಲಿಲ್ಲ.

ನಮ್ಮಲ್ಲಿ ಇಲ್ಲವೇ ಅಂದರೆ, ಇದೆ. 1972ರ 'ನಾಗರಹಾವು'. ಚಿತ್ರದುರ್ಗದ ಕೋಟೆಯನ್ನು ಪುಟ್ಟಣ್ಣ ಇತಿಹಾಸದ ಪಾಠ ಮಾಡಿ ತೋರಿಸಲಿಲ್ಲ, ಸಿಟ್ಟು ಬಂದ ರಾಮಾಚಾರಿಯನ್ನು ಆ ಬಂಡೆಗಳ ಮೇಲೆ ಓಡಾಡಲು ಬಿಟ್ಟರು. 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದ ಆಗುಂಬೆಯ ಬಗ್ಗೆ, ಶಂಕರ್‌ನಾಗ್ ಬಗ್ಗೆ, ಅರಸಾಳು ಸ್ಟೇಷನ್ ಬಗ್ಗೆ ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ಕರೆಯುತ್ತೀರೋ ಇಲ್ಲವೋ.

ಒಂದೇ ವಿಷಯ ಹೇಳಿ ಕೂರುತ್ತೇನೆ. 'ಬೈಸಿಕಲ್ ಥೀವ್ಸ್'ನಲ್ಲಿ ಪೋರ್ತಾ ಪೋರ್ತೇಸೆ ಸಂತೆಯಲ್ಲಿ ಮಳೆ ಬರುತ್ತದೆ. ಅಪ್ಪ ಮಗ ಗೋಡೆ ಬದಿಗೆ ನಿಲ್ಲುತ್ತಾರೆ. ಪಕ್ಕದಲ್ಲಿ ಪಾದ್ರಿ ಹುಡುಗರ ಒಂದು ಗುಂಪು ಬಂದು ನಿಲ್ಲುತ್ತದೆ. ಅದರಲ್ಲಿ ಒಬ್ಬ ಸೆರ್ಜಿಯೊ ಲಿಯೋನೆ. ಹೌದು, ಮುಂದೆ 'ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ' ತೆಗೆದವನೇ. ಆದರೆ ನೀವು ನೋಡಬೇಕಾದ್ದು ಅವನನ್ನಲ್ಲ. ಆ ಮಳೆಯಲ್ಲಿ ಹುಡುಗ ಬ್ರೂನೋ ಜಾರಿ ಬೀಳುತ್ತಾನೆ. ಅಪ್ಪನಿಗೆ ಗೊತ್ತೇ ಆಗುವುದಿಲ್ಲ. ತಿರುಗಿ ಏನಾಯ್ತೋ ಅನ್ನುತ್ತಾನೆ. ಬಿದ್ದೆ ಅಂತ ಹುಡುಗ ಸಿಟ್ಟಿನಲ್ಲಿ ಹೇಳುತ್ತಾನೆ.

ಚಿಕ್ಕಪ್ಪ ಆ ಮಳೆ ನೋಡಿ ನಕ್ಕಿದ್ದರು. "ಇದೆಂಥ ಮಳೆ, ನಮ್ಮಲ್ಲಿ ಇದಕ್ಕೆ ಗೊರಬು ತೆಗೆಯೋದೇ ಇಲ್ಲ" ಅಂದಿದ್ದರು. ಆದರೆ ಹುಡುಗ ಬಿದ್ದಾಗ ಎತ್ತಲಿಕ್ಕೆ ಹೋಗುವವರ ಹಾಗೆ ಎದ್ದು ನಿಂತುಬಿಟ್ಟರು. ಪಂಚೆಯ ಮೇಲೆ ಅವರ ತಲೆಯ ನೆರಳು ಬಿತ್ತು. ಹಿಂದಿನವರು ಕೂಗಾಡಿದರು. ಇವತ್ತು ಯಾರಾದರೂ ಹಾಗೆ ಎದ್ದರೆ ಬೈಬೇಡಿ. ಆ ಕಿಟಕಿ ಪರದೆ ಎಳೆಯಿರಿ, ಲೈಟ್ ಆರಿಸಿ.