ಎಸ್ತೆ ಊರಿನ ಸಂತ ತೆಕ್ಲಾ

ಕೇಳುಗರಿಗೆ ನಮಸ್ಕಾರ. ಹದಿನೆಂಟನೇ ಶತಮಾನದ ಯುರೋಪಿನ ರೊಕೊಕೊ ಶೈಲಿಯ ಚಿತ್ರ ಅಂದರೆ ಏನು ನೆನಪಾಗುತ್ತದೆ? ತೆಳು ಗುಲಾಬಿ ಬಣ್ಣ, ರೇಷ್ಮೆ ಲಂಗ, ಉಯ್ಯಾಲೆ, ಮೋಡದ ಮೇಲೆ ಗುಂಡು ಕೆನ್ನೆಯ ಮಕ್ಕಳು. ಸಾಹುಕಾರರ ಮನೆಯ ಅಲಂಕಾರ ಅಂತ ಅದನ್ನು ತಳ್ಳಿಹಾಕುವವರೇ ಜಾಸ್ತಿ. ಇವತ್ತಿನ ಚಿತ್ರವೂ ಅದೇ ಕಾಲದ್ದು. ಆದರೆ ಇದರ ಮುಂಭಾಗದಲ್ಲೇ ಒಂದು ಹೆಣ ಬಿದ್ದಿದೆ.

ಇಟಲಿಯಲ್ಲಿ ಪಾದುವಾ ನಗರದ ಹತ್ತಿರ ಎಸ್ತೆ ಅನ್ನುವ ಊರಿದೆ. ಅಲ್ಲಿನ ದೊಡ್ಡ ಚರ್ಚು ಸಂತ ತೆಕ್ಲಾಳ ಹೆಸರಿನದು. ತೆಕ್ಲಾ ಕ್ರೈಸ್ತ ಧರ್ಮದ ಮೊದಲ ದಿನಗಳವಳು. ಯೇಸುವಿನ ಸಂದೇಶ ಸಾರುತ್ತಿದ್ದ ಸಂತ ಪೌಲನ ಮಾತು ಕೇಳಿ ಮದುವೆಯೇ ಬೇಡ ಅಂದಳಂತೆ. ಬೆಂಕಿಗೆ ಹಾಕಿದರೂ ಕಾಡುಮೃಗಗಳ ಮುಂದೆ ಬಿಟ್ಟರೂ ಬದುಕಿ ಬಂದಳಂತೆ. ಆ ಚರ್ಚಿನ ಬಲಿಪೀಠಕ್ಕೆ ಚಿತ್ರ ಬರೆದವನು ವೆನಿಸ್ಸಿನ ಜಿಯೊವಾನ್ನಿ ಬಟಿಸ್ಟಾ ಟಿಯೆಪೊಲೊ. 1759ರ ಕ್ರಿಸ್ಮಸ್ ಹಿಂದಿನ ದಿನ ಅದನ್ನು ಅಲ್ಲಿ ಕೂರಿಸಿದರು. ಎತ್ತರ ಆರೂವರೆ ಮೀಟರಿಗೂ ಜಾಸ್ತಿ.

ಚಿತ್ರದಲ್ಲಿರುವುದು 1630ರಲ್ಲಿ ಎಸ್ತೆಗೆ ಬಡಿದ ಪ್ಲೇಗು. ಆ ಸಲ ವೆನಿಸ್ ನಗರವೊಂದರಲ್ಲೇ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರು ಸತ್ತರು. ಕಾಲುವೆಯ ದಡದಲ್ಲಿರುವ ಪ್ರಸಿದ್ಧ ಸಾಲೂತೆ ಚರ್ಚು ಆಗ ಹೊತ್ತ ಹರಕೆಯದೇ.

ಕೆಳಗೆ, ಕಲ್ಲಿನ ನೆಲದ ಮೇಲೆ ಸತ್ತ ತಾಯಿ. ಅವಳನ್ನು ತಬ್ಬಿಕೊಂಡು ಅಳುತ್ತಿರುವ ಪುಟ್ಟ ಮಗು. ಪಕ್ಕದಲ್ಲೊಬ್ಬ ಗಂಡಸು ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದಾನೆ. ಸಾವಿನ ವಾಸನೆಯನ್ನು ಬಣ್ಣದಲ್ಲಿ ತೋರಿಸುವುದು ಹೇಗೆ? ಟಿಯೆಪೊಲೊಗೆ ಆ ಒಂದು ಕೈ ಸಾಕಾಯಿತು. ಆಚೆ ಹೆಣ ಹೊತ್ತು ಸಾಗಿಸುವವರು. ಅದರ ಹಿಂದೆ ಎಸ್ತೆ ಊರು, ಊರಾಚೆಯ ಗುಡ್ಡಗಳು. ಮೇಲೆ ಆಕಾಶದಲ್ಲಿ ದೇವದೂತರ ನಡುವೆ ಪಿತ ದೇವರು ಕೈ ಚಾಚಿದ್ದಾನೆ. ಪ್ಲೇಗು ಅನ್ನುವ ಕಪ್ಪು ಮಾರಿ ಗಾಳಿಯಲ್ಲಿ ಓಡಿಹೋಗುತ್ತಿದೆ.

ಇವೆರಡರ ಮಧ್ಯೆ ತೆಕ್ಲಾ. ನನಗೆ ಇಷ್ಟವಾದದ್ದು ಅವಳನ್ನು ಎಲ್ಲಿಟ್ಟಿದ್ದಾನೆ ಅನ್ನುವುದು. ಸಂತರನ್ನು ಮೋಡದ ಮೇಲೆ ಕೂರಿಸುವುದರಲ್ಲಿ ಟಿಯೆಪೊಲೊ ಎತ್ತಿದ ಕೈ. ಇಲ್ಲಿ ಹಾಗೆ ಮಾಡಿಲ್ಲ. ಹೆಣ ಬಿದ್ದಿರುವ ನೆಲದಲ್ಲೇ ಅವಳೂ ಮಂಡಿಯೂರಿ, ಊರನ್ನು ಉಳಿಸು ಅಂತ ಬೇಡುತ್ತಾ ಮೇಲೆ ನೋಡುತ್ತಿದ್ದಾಳೆ. ಬಲಿಪೀಠದ ಎದುರು ಮಂಡಿಯೂರಿದ ಊರಿನವರಿಗೆ ಕಾಣುವುದು ಅವರದೇ ಊರು, ಅವರ ಮುತ್ತಾತಂದಿರ ಕಾಲದ ಸಾವು, ತಮ್ಮಂತೆಯೇ ಮಂಡಿಯೂರಿದ ಒಬ್ಬ ಹೆಂಗಸು. ಮೊದಲ ಶತಮಾನದವಳು 1630ರ ಬೀದಿಗೆ ಹೇಗೆ ಬಂದಳು ಅಂತ ಯಾರು ಕೇಳುತ್ತಾರೆ, ಅಲ್ವಾ?

ಬಣ್ಣ ಮಾತ್ರ ರೊಕೊಕೊದ್ದೇ. ಆಕಾಶ ತಿಳಿಯಾಗಿದೆ, ಬೆಳಕು ಧಾರಾಳವಾಗಿದೆ. ಕತ್ತಲು ಬಳಿದು ನಮ್ಮನ್ನು ಹೆದರಿಸಲು ಹೋಗಿಲ್ಲ. ಅಷ್ಟು ಬೆಳಕಲ್ಲಿ ಹೆಣ ಕಂಡಾಗ ಜೀವ ಇನ್ನೂ ಜಾಸ್ತಿ ಹಿಂಡುತ್ತದೆ.

ದೊಡ್ಡ ಚಿತ್ರಕ್ಕೆ ಮೊದಲು ಬರೆದ ಸಣ್ಣ ತೈಲಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಎತ್ತರ ಸುಮಾರು 80 ಸೆಂಟಿಮೀಟರ್. ಅಮೆರಿಕದಲ್ಲಿರುವ ಕೇಳುಗರು ಅಲ್ಲಿ ಹೋದರೆ ಸುಮ್ನೆ ದಾಟಿಹೋಗಬೇಡಿ. ನಮಸ್ಕಾರ.