ಹೊಸ ಟಿವಿ ಬಂತು, ಕಪಾಟಿನ ಡಿವಿಡಿ ಎಂತ ಮಾಡುದು?

ನಮಸ್ಕಾರ. ಚೌತಿ ಹತ್ರ ಬಂತಲ್ಲ, ಮುಂಬಯಿಯ ಟಿವಿ ಅಂಗಡಿಗಳಲ್ಲಿ ಆಫರ್ ಬೋರ್ಡು ಹಾಕ್ಲಿಕ್ಕೆ ಶುರುವಾಗಿದೆ, ಹಳೇದು ಕೊಟ್ಟು ಹೊಸ 4ಕೆ ತಗೊಂಡು ಹೋಗಿ, ಇಎಂಐಗೆ ಬಡ್ಡಿ ಇಲ್ಲ ಅಂತ. ಅದರ ಜೊತೆಗೆ ಮಾಟುಂಗಾದಿಂದ ಹಿಡಿದು ಡೊಂಬಿವಲಿ ತನಕ ನಮ್ಮವರು ಕೇಳುದೂ ಒಂದೇ ಪ್ರಶ್ನೆ. ಹೊಸ ಟಿವಿ ಬಂದ್ಮೇಲೆ ಕಪಾಟಿನಲ್ಲಿರುವ ವಿಸಿಡಿ, ಡಿವಿಡಿ, ಮದುವೆ ಕ್ಯಾಸೆಟ್ಟು ಎಲ್ಲ ಭಂಗಾರ್‌ನವನಿಗೆ ಕೊಡ್ಬೇಕಾ? ಕೊಡ್ಬೇಡಿ ಮಾರಾಯ್ರೆ, ಸ್ವಲ್ಪ ತಡೀರಿ.

ಅಂಗಡಿಯಲ್ಲಿ ಟಿವಿ ತೋರಿಸ್ಲಿಕ್ಕೆ ಒಂದು ವಿಡಿಯೋ ಹಾಕಿರ್ತಾರೆ, ಹೂವಿನ ಮೇಲೆ ಮಂಜಿನ ಹನಿ, ಸಮುದ್ರದಡಿಯ ಬಣ್ಣದ ಮೀನು, ಎಲ್ಲ ಆ ಪರದೆಗೆಂತಲೇ ಶೂಟ್ ಮಾಡಿದ್ದು. ಅದನ್ನು ನೋಡಿ ಮರುಳಾಗಿ ಟಿವಿ ಮನೆಗೆ ತಂದು, ಖುಷಿಯಲ್ಲಿ ತಂಗಿ ಮದುವೆ ಡಿವಿಡಿ ಹಾಕಿದ್ರೆ ಅತ್ತೆಯವರ ಮುಖಕ್ಕೆ ಯಾರೋ ಎಣ್ಣೆ ಸವರಿದ ಹಾಗೆ ಕಾಣ್ತದೆ, ಸೀರೆ ಜರಿ ಇದ್ದಲ್ಲೆಲ್ಲ ಸಣ್ಣ ಸಣ್ಣ ಚೌಕ ಕುಣೀತವೆ, ಆರತಿ ಎತ್ತುವ ಕೈ ಪಕ್ಕಕ್ಕೆ ಹೋದ್ರೆ ಸಾಕು, ಆ ಕೈಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಏಳ್ತದೆ. ಡಿಸ್ಕ್ ಹಾಳಾಯ್ತು ಅಂತ ತಿಳ್ಕೊಳ್ತಾರೆ. ಡಿಸ್ಕಿಗೆ ಎಂತದೂ ಆಗಿರುದಿಲ್ಲ, ಅದರಲ್ಲಿ ಮೊದಲೂ ಇದ್ದದ್ದು ಅಷ್ಟೇ.

ಲೆಕ್ಕ ನೋಡಿ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮಲ್ಲಿ ಕಲರ್ ಟಿವಿ ಬಂದದ್ದು ಪಾಲ್ ಪದ್ಧತಿಯಲ್ಲಿ, 625 ಗೆರೆ, ಅದರಲ್ಲಿ ಚಿತ್ರಕ್ಕೆ ಸಿಗುದು 576. ಡಿವಿಡಿಯೂ ಅದೇ ಅಳತೆಯದ್ದು, ಅಡ್ಡಕ್ಕೆ 720, ಉದ್ದಕ್ಕೆ 576, ಎಲ್ಲ ಸೇರಿ ನಾಲ್ಕು ಲಕ್ಷ ಚಿಲ್ಲರೆ ಚುಕ್ಕೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಅಂದ್ರೆ ಡಿವಿಡಿಯ ಒಂದು ಚುಕ್ಕೆಯನ್ನು ಎಳೆದು ಎಳೆದು 20 ಚುಕ್ಕೆ ತುಂಬಿಸ್ಬೇಕು, ಪಾಪ ಟಿವಿಯೊಳಗಿನ ಚಿಪ್ಪು ಮಧ್ಯದ್ದನ್ನೆಲ್ಲ ಅಂದಾಜಲ್ಲಿ ಸೃಷ್ಟಿ ಮಾಡ್ತದೆ. ವಿಸಿಡಿ ಆದ್ರೆ ಇನ್ನೂ ಕಷ್ಟ, 352ಕ್ಕೆ 288, ಬರೀ ಒಂದು ಲಕ್ಷ ಚುಕ್ಕೆ. ಮತ್ತೆ ಆ ಕೈಯ ಅಂಚಿನ ಗೆರೆ ಎಂತದ್ದಂದ್ರೆ, ಹಳೇ ವಿಡಿಯೋ ಕ್ಯಾಮರಾ ಸೆಕೆಂಡಿಗೆ 50 ಅರ್ಧ ಚಿತ್ರ ತೆಗೀತಿತ್ತು, ಒಂದ್ಸಲ ಬೆಸ ಗೆರೆ, ಒಂದ್ಸಲ ಸಮ ಗೆರೆ, ಎರಡರ ಮಧ್ಯೆ ಕೈ ಜರುಗಿರ್ತದಲ್ಲ, ಅದು ಡಬ್ಬಾ ಟಿವಿಯಲ್ಲಿ ಗೊತ್ತೇ ಆಗ್ತಿರ್ಲಿಲ್ಲ, ಅದು ಗೆರೆಗಳನ್ನು ಹಾಗೆಯೇ ಒಂದಾದ್ಮೇಲೊಂದು ಬಿಡಿಸ್ತಿತ್ತು. ಈಗಿನ ಪರದೆ ಎರಡನ್ನೂ ಒಟ್ಟಿಗೇ ತೋರಿಸ್ಬೇಕು, ಹೊಂದಿಸ್ಲಿಕ್ಕೆ ತಿಳೀದಿದ್ರೆ ಹಲ್ಲು ಬರ್ತದೆ.

ಹಾಗಾದ್ರೆ ಡಿವಿಡಿ ಕಥೆ ಮುಗೀತಾ? ನಮ್ಮ ಮುಂಬಯಿಯ ರೂಮಿನ ಸೈಜನ್ನೂ ಲೆಕ್ಕಕ್ಕೆ ತಗೊಳ್ಳಿ. ಒಳ್ಳೇ ಕಣ್ಣಿಗೆ ಬೇರೆಬೇರೆಯಾಗಿ ಕಾಣುವ ಅತೀ ಸಣ್ಣ ಅಂತರ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ. ಆ ಲೆಕ್ಕ ಹಿಡಿದ್ರೆ 43 ಇಂಚಿನ ಟಿವಿಯಲ್ಲಿ, 4ಕೆಯ ಕಾಲು ಭಾಗ ಚುಕ್ಕೆ ಇರುವ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಕಾಣ್ಬೇಕಾದ್ರೆ ಐದೂವರೆ ಅಡಿಗಿಂತ ಹತ್ರ ಕೂತ್ಕೊಳ್ಬೇಕು. 55 ಇಂಚಿಗೆ ಏಳು ಅಡಿ. ಸೋಫಾ ಇರುದು ಎಂಟು ಅಡಿ ದೂರದಲ್ಲಿ, ಮಧ್ಯೆ ಟೀಪಾಯಿ. ಹಾಗಾಗಿ ನಿಮ್ಮ ಮನೆಯಲ್ಲಿ 43 ಇಂಚಿನ 4ಕೆ ಟಿವಿ ಇದ್ರೂ, ಫುಲ್ ಎಚ್‌ಡಿ ಚಿತ್ರ ಕೊಡುವ ಬ್ಲೂರೇ ಡಿಸ್ಕಿಗಿಂತ ಹೆಚ್ಚಿನ ಚುಕ್ಕೆಗಳನ್ನು ನೀವು ದುಡ್ಡು ಕೊಟ್ಟು ತಂದು ನೋಡ್ದೆ ಬಿಡ್ತಿದ್ದೀರಿ ಅಂತ ಲೆಕ್ಕ. ಎಚ್‌ಡಿಆರ್ ಮಾತ್ರ ಬೇರೆ ವಿಷಯ, ಬೆಳಕು ಬಣ್ಣದ್ದು, ಅದು ದೂರದಿಂದಲೂ ಗೊತ್ತಾಗ್ತದೆ. ಡಿವಿಡಿಯ ಕೊರತೆ 43 ಇಂಚಿನಲ್ಲಿ ಸುಮಾರು ಹತ್ತು ಅಡಿ ತನಕ ಕಾಣ್ತದೆ, ಅದು ಒಪ್ಪಬೇಕು. ಆದ್ರೆ 32 ಇಂಚಿನ ಟಿವಿ ಇಟ್ಕೊಂಡು ಎಂಟು ಅಡಿಯಿಂದ ನೋಡುವವರಿಗೆ ಚೆನ್ನಾಗಿ ಮಾಡಿದ ಡಿವಿಡಿ ಸಾಕು, ಧಾರಾಳ ಸಾಕು. 4ಕೆಗಿಂತ ನಾಲ್ಕು ಪಟ್ಟು ಚುಕ್ಕೆಯ 8ಕೆ ಬಗ್ಗೆ ಮಾತೇ ಬೇಡ. ಜಪಾನಿನ ಎನ್‌ಎಚ್‌ಕೆ 2018ರ ಡಿಸೆಂಬರಿನಿಂದ 8ಕೆ ಪ್ರಸಾರ ಮಾಡ್ತಾ ಉಂಟು, ಸರಿ, ಆದ್ರೆ 8ಕೆ ಸಿನಿಮಾ ಡಿಸ್ಕ್ ಅಂತ ಅಂಗಡಿಯಲ್ಲಿ ಸಿಗುದೇ ಇಲ್ಲ.

ಮತ್ತೆ ಇನ್ನೊಂದು, ಸ್ಪಷ್ಟ ಚಿತ್ರ ಬಂತು ಅಂತ ಹಳೇದು ಸತ್ತದ್ದು ಯಾವಾಗ? 1978ರಲ್ಲೇ ಬಂದ ಲೇಸರ್ ಡಿಸ್ಕ್ ವಿಎಚ್‌ಎಸ್‌ಗಿಂತ, ಅಂದ್ರೆ ನಮ್ಮ ಮಾಮೂಲಿ ವಿಡಿಯೋ ಕ್ಯಾಸೆಟ್ಟಿಗಿಂತ, ಸ್ಪಷ್ಟ, ನಮ್ಮಲ್ಲಿ ಎಷ್ಟು ಜನರ ಮನೆಗೆ ಬಂತು? ಅದಕ್ಕೆ ಪೈಪೋಟಿ ಕೊಟ್ಟ ಸೋನಿಯ ಬೀಟಾಮ್ಯಾಕ್ಸ್ ಕ್ಯಾಸೆಟ್ಟು ವಿಎಚ್‌ಎಸ್ ಎದುರು ಸೋತದ್ದಕ್ಕೆ ಒಂದು ಕಾರಣ, ಶುರುವಿನಲ್ಲಿ ಅದರ ಟೇಪಿನಲ್ಲಿ ಒಂದೇ ಗಂಟೆ ಹಿಡೀತಿತ್ತು, ವಿಎಚ್‌ಎಸ್‌ನಲ್ಲಿ ಎರಡು. ಇನ್ನು ವಿಸಿಡಿ! ಕ್ಯಾಸೆಟ್ಟಿಗಿಂತ ಚಂದ ಏನಲ್ಲ, ಮಳೆ ಸೀನ್ ಬಂದ್ರೆ ಚಿತ್ರ ಪೂರಾ ಚೂರುಚೂರು, ಒಂದು ಸಿನಿಮಾಕ್ಕೆ ಎರಡು ಮೂರು ಡಿಸ್ಕ್ ಬೇಕು, ಎದ್ದು ಹೋಗಿ ಬದಲಾಯಿಸ್ಬೇಕು. ಆದ್ರೂ ಇಡೀ ಇಂಡಿಯಾ ಅದನ್ನೇ ತಗೊಂಡಿತು, ಯಾಕಂದ್ರೆ ಅಗ್ಗ. 2007ರ ಹೊತ್ತಿಗೆ ಡಿಸ್ಕ್ ಮಾಡುವ ಮೋಸರ್ ಬೇರ್ ಕಂಪನಿಯವರು 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಕೊಟ್ರು, ಆಗ ಯಾರೂ ಗೆರೆ ಲೆಕ್ಕ ಹಾಕ್ಲಿಲ್ಲ. ಎಚ್‌ಡಿ ಡಿವಿಡಿ ಮತ್ತೆ ಬ್ಲೂರೇ ಚಿತ್ರದಲ್ಲಿ ಸಮಸಮ, ಸಿನಿಮಾ ಕಂಪನಿಗಳು ಬ್ಲೂರೇ ಕಡೆ ವಾಲಿದ ಕೂಡ್ಲೇ 2008ರ ಫೆಬ್ರವರಿಯಲ್ಲಿ ತೊಷಿಬಾ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು.

ನನ್ನ ಮಟ್ಟಿಗೆ 2016 ದೊಡ್ಡ ವರ್ಷ. ಆ ವರ್ಷ 4ಕೆ ಬ್ಲೂರೇ ಡಿಸ್ಕ್ ಮಾರ್ಕೆಟಿಗೆ ಬಂತು, ಈ ತನಕ ಮನೆಗೆ ಸಿಕ್ಕಿದ್ದರಲ್ಲಿ ಅತೀ ಚಂದದ ಚಿತ್ರ. ಅದೇ ಜುಲೈಯಲ್ಲಿ ಜಪಾನಿನ ಫುನಾಯ್ ಕಂಪನಿ ವಿಸಿಆರ್, ಅಂದ್ರೆ ಕ್ಯಾಸೆಟ್ ಪ್ಲೇಯರ್, ಮಾಡುದು ನಿಲ್ಲಿಸಿತು, ಜಗತ್ತಿನಲ್ಲಿ ಅದನ್ನು ಮಾಡ್ತಿದ್ದದ್ದು ಕಡೆಗೆ ಅವರೊಬ್ಬರೇ. ಸೆಪ್ಟೆಂಬರಿನಲ್ಲಿ ನಮ್ಮಲ್ಲಿ ಜಿಯೋ ಬಂತು, ಡೇಟಾ ಫ್ರೀ, ಲೋಕಲ್ ಟ್ರೈನಿನಲ್ಲಿ ನೇತಾಡ್ತಾ ಐದಿಂಚಿನ ಫೋನಿನಲ್ಲಿ ಜನ ಸಿನಿಮಾ ನೋಡ್ಲಿಕ್ಕೆ ಶುರು ಮಾಡಿದ್ರು. ಯಾವುದು ಗೆದ್ದಿತು ಅಂತ ಹೇಳ್ಬೇಕಾ? ಚಂದದ್ದಲ್ಲ, ಕೈಗೆ ಸಿಕ್ಕಿದ್ದು. ತಮಾಷೆ ಎಂತದ್ದಂದ್ರೆ ಪರದೆ ಸ್ಪಷ್ಟ ಆದಷ್ಟೂ ಡಿಸ್ಕಿಗೇ ಲಾಭ ಆಗ್ಬೇಕಿತ್ತು, ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ ನೆಟ್ ಇದ್ರೆ ಸಾಕು ಅಂತದೆ, 4ಕೆ ಡಿಸ್ಕಿನಿಂದ 128 ತನಕ ಬರ್ಬಹುದು, ಕತ್ತಲೆ ಸೀನಿನಲ್ಲಿ ಹೊಗೆ ಇದ್ದಲ್ಲಿ ಆ ವ್ಯತ್ಯಾಸ ಗೊತ್ತಾಗಿಯೇ ಆಗ್ತದೆ. ಆದ್ರೆ ಮಾಡುವವರೇ ಒಬ್ಬೊಬ್ಬರಾಗಿ ಬಾಗಿಲು ಹಾಕ್ತಿದ್ದಾರೆ. ಒಪ್ಪೊ 2018ರಲ್ಲಿ ಬ್ಲೂರೇ ಪ್ಲೇಯರಿನ ಕೆಲಸವನ್ನೇ ನಿಲ್ಲಿಸಿತು, ಸ್ಯಾಮ್ಸಂಗ್ 2019ರಲ್ಲಿ ಅಮೆರಿಕಾದ ಮಾರ್ಕೆಟಿಗೆ ಹೊಸ ಬ್ಲೂರೇ ಪ್ಲೇಯರ್ ಇಲ್ಲ ಅಂದಿತು, ಸೋನಿ 2025ರ ಫೆಬ್ರವರಿಯಲ್ಲಿ ರೆಕಾರ್ಡ್ ಮಾಡುವ ಖಾಲಿ ಬ್ಲೂರೇ ನಿಲ್ಲಿಸಿತು. ನಿಮ್ಮ ಡಿವಿಡಿಗೆ ಅಪಾಯ ಇರುದು ಈ ಕಡೆಯಿಂದ, ನಿಮ್ಮ ಹೊಸ ಟಿವಿಯಿಂದ ಅಲ್ಲ.

ಸಿನಿಮಾದ್ದು ಒಂದು ಸಮಾಧಾನ ಉಂಟು. 35 ಎಂಎಂ ಫಿಲ್ಮಿನಲ್ಲಿ ತೆಗೆದದ್ದಾದ್ರೆ ನೆಗೆಟಿವ್‌ನಲ್ಲಿ ಡಿವಿಡಿಗಿಂತ ಎಷ್ಟೋ ಹೆಚ್ಚು ವಿವರ ಕೂತಿರ್ತದೆ. ಗಿರೀಶ್ ಕಾಸರವಳ್ಳಿಯವರ ಘಟಶ್ರಾದ್ಧ 1977ರ ಕಪ್ಪುಬಿಳುಪು ಚಿತ್ರ, ಪುಣೆಯ ಫಿಲ್ಮ್ ಆರ್ಕೈವ್‌ನಲ್ಲಿದ್ದ ಮೂಲ ನೆಗೆಟಿವ್ ತೆಗೆದು 4ಕೆಯಲ್ಲಿ ಸರಿ ಮಾಡಿ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ರು, ಆ ಕೆಲಸದಲ್ಲಿ ನಮ್ಮ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರ ಕೈ ಉಂಟು. ಅಂಥದ್ದರ ಹಳೇ ಡಿವಿಡಿ ಹೋದ್ರೂ ಮೂಲ ಉಂಟಲ್ಲ. ಆದ್ರೆ ಮಳೆಗಾಲದಲ್ಲಿ ಊರಿನ ಮೇಳದವರು ಮಾಟುಂಗಾದ ಮೈಸೂರು ಅಸೋಸಿಯೇಶನ್ ಹಾಲಿನಲ್ಲಿ ಆಡಿದ ಯಕ್ಷಗಾನ, ಯಾರೋ ವಿಡಿಯೋದವರು ತೆಗೆದು ಡಿವಿಡಿ ಮಾಡಿ ಹಂಚಿದ್ದು? ನಿಮ್ಮ ಮದುವೆ? ಅದು ವಿಡಿಯೋದಲ್ಲೇ ಹುಟ್ಟಿದ್ದು, 576 ಗೆರೆಯೇ ಅದರ ಮೂಲ, ಅದರ ಹಿಂದೆ ಯಾವ ನೆಗೆಟಿವ್ವೂ ಇಲ್ಲ. ಆ ಮೇಳದ ಭಾಗವತರು ಈಗ ಇಲ್ಲದೇ ಇರ್ಬಹುದು, ಆ ಡಿಸ್ಕ್ ಯಾವ ಓಟಿಟಿಯಲ್ಲೂ ಬರುದಿಲ್ಲ.

ಹಾಗಾಗಿ ಮೊದಲು ಕ್ಯಾಸೆಟ್ಟು ನೋಡಿ. ಮುಂಬಯಿಯ ಜುಲೈ ಹವೆಗೆ ಟೇಪಿನ ಮೇಲೆ ಬಿಳಿ ಬೂಷ್ಟು ಬರ್ತದೆ, ಕಿಟಕಿಯಂತಹ ಪ್ಲಾಸ್ಟಿಕ್ಕಿನಿಂದ ಇಣುಕಿದ್ರೆ ಸುರುಳಿಯ ಅಂಚಿನಲ್ಲಿ ಕಾಣ್ತದೆ, ಹಾಗಿದ್ರೆ ಪ್ಲೇಯರಿಗೆ ತುರುಕ್ಲೇಬೇಡಿ, ಹೆಡ್ಡೂ ಹಾಳು ಟೇಪೂ ಹಾಳು, ಕ್ಲೀನ್ ಮಾಡಿ ಕಂಪ್ಯೂಟರಿಗೆ ಹಾಕಿ ಕೊಡುವವರ ಹತ್ರ ಕೊಡಿ. ಡಿವಿಡಿಯನ್ನು ಹಾಗೇ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಒಂದಲ್ಲ ಎರಡು ಹಾರ್ಡ್ ಡಿಸ್ಕಿಗೆ, ಮನೆಯಲ್ಲಿ ಕಂಪ್ಯೂಟರಿನಿಂದ ರೈಟ್ ಮಾಡಿದ ಡಿಸ್ಕು ಅಂಗಡಿಯ ಡಿಸ್ಕಿನಷ್ಟು ಬಾಳುದಿಲ್ಲ. ಟಿವಿಗೆ ಪ್ಲೇಯರ್ ಜೋಡಿಸುವಾಗ ಹಳದಿ ಕೆಂಪು ಬಿಳಿ ಪಿನ್ನಿನ ವೈರ್ ಬಿಟ್ಟು ಎಚ್‌ಡಿಎಂಐ ಹಾಕಿ, ಹಳದಿ ವೈರಿನಲ್ಲಿ ಬಣ್ಣ, ಬೆಳಕು ಎರಡೂ ಒಟ್ಟಿಗೆ ಕಲಸಿ ಹೋಗ್ತದೆ, ಜರಿಯ ಮೇಲೆ ಕುಣಿಯುದು ಅರ್ಧ ಅದರಿಂದಲೇ. ಟಿವಿ ಸೆಟ್ಟಿಂಗಿನಲ್ಲಿ ಶಾರ್ಪ್‌ನೆಸ್ ಕಮ್ಮಿ ಮಾಡಿ, ಅತ್ತೆಯವರ ಮುಖದ ಎಣ್ಣೆ ಸುಮಾರು ಇಳೀತದೆ.

ಕಡೆಗೆ ಒಂದು. ಕ್ಯಾಸೆಟ್ ಕನ್ವರ್ಟ್ ಮಾಡುವವರಲ್ಲಿ ಕೆಲವರು ನಿಮ್ಮ ಮದುವೆಯನ್ನು 4ಕೆ ಮಾಡಿ ಕೊಡ್ತೇವೆ ಅಂತಾರೆ, ರೇಟು ಜಾಸ್ತಿ. ಕ್ಯಾಮರಾ ನೋಡದೇ ಇದ್ದ ಗೆರೆಯನ್ನು ಅವರು ಎಲ್ಲಿಂದ ತರುದು, ಅದನ್ನೇ ಹಿಗ್ಗಿಸಿ ದೊಡ್ಡ ಫೈಲ್ ಮಾಡುದಷ್ಟೇ, ಆ ಹಿಗ್ಗಿಸುವ ಕೆಲಸ ನಿಮ್ಮ ಟಿವಿ ಫ್ರೀಯಾಗಿ ಮಾಡ್ತದೆ. ಇದ್ದ ಹಾಗೇ ಕಾಪಿ ಕೇಳಿ ತಗೊಳ್ಳಿ, ಮೂಲ ಕ್ಯಾಸೆಟ್ಟನ್ನು ಮರೀದೆ ವಾಪಸ್ ತನ್ನಿ. ನಮಸ್ಕಾರ.