ಶೋಕೇಸ್ ತುಂಬಿದೆ, ಹಾಲ್ ಮಾತ್ರ ಖಾಲಿ ಅನಿಸುತ್ತಿದೆಯಾ?

[ಬಳ್ಳಾರಿಯ ಒಂದು ಮನೆ. ಶೋಕೇಸ್ ಹತ್ತಿರದಿಂದ ಕಾಣುತ್ತದೆ. ಗಾಜಿನ ನವಿಲಿನ ಬೆನ್ನ ಮೇಲೆ ಬೆರಳು ಗೆರೆ ಎಳೆಯುತ್ತದೆ.]

ನೋಡಿ, ಒರೆಸಿ ಮೂರೇ ದಿನ ಆಗಿದೆ. ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಈ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಕಿಟಕಿ ತೆಗೆದರೆ ಧೂಳು, ತೆಗೆಯದಿದ್ದರೆ ಸೆಕೆ. ಅದಕ್ಕೇ ಇವತ್ತಿನ ವಿಷಯ, ಹಾಲ್ ಅಲಂಕಾರದ ಕೊನೆಯ ಸಾಮಾನುಗಳನ್ನು ಹೇಗೆ ಆರಿಸೋದು ಅನ್ನೋದನ್ನ, ನಾನು ಈ ಬೆರಳಿನಿಂದಲೇ ಶುರು ಮಾಡುತ್ತೇನೆ.

ಸೋಫಾ ಬಂತು, ಪೇಂಟ್ ಆಯ್ತು, ಪರದೆ ಹಾಕಿದ್ದಾಯ್ತು, ಆದರೂ ಏನೋ ಕಡಿಮೆ ಇದೆ ಅನಿಸುತ್ತದೆ. ಆಗ ನಾವೆಲ್ಲ ಮಾಡೋದು ಒಂದೇ ಕೆಲಸ. ಜಾತ್ರೆಗೆ ಹೋದಾಗ ಒಂದು, ಯಾರದೋ ಗೃಹಪ್ರವೇಶದ ಗಿಫ್ಟ್ ಒಂದು, ಆಫರ್‌ನಲ್ಲಿ ಸಿಕ್ಕಿತು ಅಂತ ಇನ್ನೆರಡು, ಹೀಗೆ ಸಣ್ಣ ಸಣ್ಣ ಶೋಪೀಸ್ ಸೇರಿಸುತ್ತಾ ಹೋಗುತ್ತೇವೆ. ಶೋಕೇಸ್ ತುಂಬಿ ಹೋಗುತ್ತದೆ. ಆ ಖಾಲಿತನ ಹಾಗೇ ಇರುತ್ತದೆ.

ಯಾಕೆ ಗೊತ್ತಾ? ನಿಮ್ಮ ಬಾಗಿಲಲ್ಲಿ ನಿಂತು ಒಳಗೆ ನೋಡಿ. ಹತ್ತು ಅಡಿ ದೂರದಿಂದ ಆ ಪುಟ್ಟ ಆನೆ, ಪುಟ್ಟ ಗಡಿಯಾರ, ಪುಟ್ಟ ಹೂದಾನಿ ಯಾವುದೂ ಬೇರೆ ಬೇರೆ ಕಾಣುವುದಿಲ್ಲ. ಕಣ್ಣು ಎಲ್ಲೂ ನಿಲ್ಲುವುದಿಲ್ಲ. ನಾನು ಇಟ್ಟುಕೊಂಡ ಲೆಕ್ಕ ಸುಲಭ: ತೆಂಗಿನಕಾಯಿಗಿಂತ ಚಿಕ್ಕದಾದ ಶೋಪೀಸ್ ಕೊಳ್ಳೋದಿಲ್ಲ. ಹತ್ತು ಚಿಕ್ಕವು ತರೋ ದುಡ್ಡಿಗೆ ಒಂದು ದೊಡ್ಡದು ಬರಲಿ. ಒರೆಸೋದಕ್ಕೂ ಒಂದೇ ಅಲ್ವಾ!

ಹಾಗಾಗಿ ಮೊದಲು ಏನೂ ಕೊಳ್ಳಬೇಡಿ. ಇರೋದನ್ನೆಲ್ಲ ಬುಟ್ಟಿಗೆ ಹಾಕಿ ಒಳಗಿಡಿ. ಎರಡು ದಿನ ಹಾಲ್ ಬರಿದಾಗಿಯೇ ಇರಲಿ. ಆಮೇಲೆ ವಾರಕ್ಕೊಮ್ಮೆ ಕೈಯಿಂದ ಎತ್ತಿ ಒರೆಸೋಕೆ ಬೇಜಾರಾಗದ ವಸ್ತುಗಳನ್ನಷ್ಟೇ ವಾಪಸ್ ತನ್ನಿ. ಮಕ್ಕಳ ಕಪ್, ಪದಕ ಇದ್ದರೆ ಅವೆಲ್ಲ ಒಂದೇ ಕಡೆ, ಒಂದೇ ಅಂಕಣದಲ್ಲಿ ಇರಲಿ.

[ಗೋಡೆ. ಸೋಫಾ ಮೇಲೆ, ಸೂರಿನ ಹತ್ತಿರ ಒಂದು ಪುಟ್ಟ ಚಿತ್ರ.]

ಈ ಚಿತ್ರ ಆನ್‌ಲೈನ್‌ನಲ್ಲಿ ತರಿಸಿದ್ದು. ಫೋನ್‌ನಲ್ಲಿ ದೊಡ್ಡದಾಗಿ ಕಂಡಿತ್ತು, ಬಂದಿದ್ದು ಕ್ಯಾಲೆಂಡರ್‌ಗಿಂತ ಚಿಕ್ಕದು. ಅಷ್ಟು ಎತ್ತರದಲ್ಲಿ ಒಂದು ಹಳೇ ಮೊಳೆ ಇತ್ತು ಅಂತ ಅಲ್ಲಿಗೇ ನೇತು ಹಾಕಿದೆ. ಎರಡೂ ತಪ್ಪು. ಸೋಫಾ ಮೇಲಿನ ಚಿತ್ರ ಸೋಫಾ ಉದ್ದದ ಮೂರನೇ ಎರಡು ಭಾಗದಷ್ಟಾದರೂ ಅಗಲ ಇರಬೇಕು. ಸೋಫಾ ಬೆನ್ನಿಗೂ ಚೌಕಟ್ಟಿಗೂ ನಡುವೆ 6ರಿಂದ 8 ಇಂಚು ಸಾಕು. ಬರೀ ಗೋಡೆಯಾದರೆ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚಿಗೆ ಬರಲಿ, ನಿಂತವರ ಕಣ್ಣಿನ ಮಟ್ಟ ಅದು. ಮೊಳೆ ಹೊಡೆಯೋ ಮೊದಲು ಅದೇ ಅಳತೆಗೆ ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿ ಒಂದು ದಿನ ನೋಡಿ.

ಅಜ್ಜ ಅಜ್ಜಿಯರ ಫೋಟೋ ಮಾತ್ರ ಬೇರೆ ವಿಷಯ. ಹಳೇ ಮನೆಗಳಲ್ಲಿ ಅದನ್ನು ಎತ್ತರದಲ್ಲಿ, ಸ್ವಲ್ಪ ಮುಂದಕ್ಕೆ ಬಾಗಿಸಿ ಕಟ್ಟುತ್ತಿದ್ದರು. ಪಡಸಾಲೆಯಲ್ಲಿ ಚಾಪೆ ಮೇಲೆ ಕೂತವರಿಗೂ ಮುಖ ಸರಿಯಾಗಿ ಕಾಣುತ್ತಿತ್ತು. ಅದನ್ನು ಕೆಳಗಿಳಿಸೋ ಮುಂಚೆ ಮನೆ ಹಿರಿಯರನ್ನು ಒಂದು ಮಾತು ಕೇಳಿ.

[ಟೀಪಾಯಿ ಮೇಲೆ ಕಿನ್ನಾಳದ ಗರುಡ. ಕ್ಯಾಮೆರಾ ತೀರಾ ಹತ್ತಿರ.]

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ಗರುಡ ಕೊಪ್ಪಳ ಹತ್ತಿರದ ಕಿನ್ನಾಳದ್ದು. ಎತ್ತಿದರೆ ಆಶ್ಚರ್ಯ ಆಗುತ್ತದೆ, ಅಷ್ಟು ಹಗುರ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟಿನ ಜೊತೆ ಕಲಸಿದರೆ ಕಿಟ್ಟ ಅನ್ನೋ ಮಿಶ್ರಣ ಆಗುತ್ತದೆ. ಅದನ್ನು ಕೈಯಿಂದಲೇ ಮೈಗೆಲ್ಲ ಬಳಿದು, ಮೇಲೆ ಹತ್ತಿ ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಈ ಹಾರ ನೋಡಿ, ಬೆರಳಿಗೆ ಉಬ್ಬು ಸಿಗುತ್ತದೆ. ಕಲ್ಲಿನ ಪುಡಿಗೆ ಅಂಟು ಬೆರೆಸಿ ಎಬ್ಬಿಸಿದ ಒಡವೆ ಇದು. ಊರಿನ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು ಕೂಡ ಇದೆ.

ಕೆಂಪು, ಹಸಿರು, ಹಳದಿ ಇಷ್ಟು ಗಾಢವಾಗಿರೋದರಿಂದ ಇದರ ಪಕ್ಕ ಬೇರೆ ಬಣ್ಣದ ವಸ್ತು ಇಡಬೇಡಿ. ಹಿಂದೆ ಬರೀ ಗೋಡೆ ಇರಲಿ. ಒದ್ದೆ ಬಟ್ಟೆ ಮಾತ್ರ ಬೇಡವೇ ಬೇಡ, ಒಳಗಿರೋದು ಅಂಟು. ಮೆತ್ತಗಿನ ಒಣ ಬ್ರಶ್‌ನಿಂದ ಧೂಳು ಹೊಡೆಯಿರಿ.

[ಸೋಫಾ ಮೇಲೆ ಕನ್ನಡಿ ಕಸೂತಿಯ ಕುಶನ್.]

ಬಟ್ಟೆಗೆ ಬಂದರೆ ಸಂಡೂರು ನಮ್ಮ ಜಿಲ್ಲೆಯಲ್ಲೇ ಇದೆ. ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಟ್ಯಾಗ್ ಇದೆ. 2023ರಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಕೊಳ್ಳುವಾಗ ಕುಶನ್ ತಿರುಗಿಸಿ ಹಿಂಭಾಗ ನೋಡಿ. ಕೈ ಹೊಲಿಗೆಯಲ್ಲಿ ದಾರದ ಗಂಟು, ಓಟ ಕಾಣುತ್ತದೆ. ಕನ್ನಡಿಯ ಅಂಚನ್ನು ಉಗುರಿನಿಂದ ಸ್ವಲ್ಪ ಒತ್ತಿ, ಅಲ್ಲಾಡಬಾರದು. ನಾಲ್ಕು ತಂದು ಸಾಲಾಗಿ ಜೋಡಿಸಬೇಡಿ. ಒಂದು ಕಸೂತಿಯದು, ಎರಡು ಸಾದಾ ಕೈಮಗ್ಗದ್ದು, ಸಾಕು. ಒಳಗಿನ ದಿಂಬು ಕವರ್‌ಗಿಂತ ಒಂದೆರಡು ಇಂಚು ದೊಡ್ಡದಿದ್ದರೆ ಮೂಲೆಗಳು ಜೋತು ಬೀಳುವುದಿಲ್ಲ. ಪಶ್ಚಿಮದ ಕಿಟಕಿ ಕೆಳಗೆ ಇಡಬೇಡಿ, ನಮ್ಮ ಬಿಸಿಲಿಗೆ ಬಣ್ಣ ಬೇಗ ಹೋಗುತ್ತದೆ.

ಬುಟ್ಟಿ ಬೇಕಿದ್ದರೆ ಆನೆಗೊಂದಿಯ ಬಾಳೆನಾರಿನದು ನೋಡಿ. ನಾನು ಅದರಲ್ಲಿ ರಿಮೋಟು, ಚಾರ್ಜರು ಹಾಕಿಡುತ್ತೇನೆ. ಅವ್ವನ ಹಿತ್ತಾಳೆ ಕೊಡ ಅಟ್ಟದ ಮೇಲಿದ್ದರೆ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಮೂಲೆಯಲ್ಲಿಡಿ. ಅಷ್ಟು ಗಾತ್ರದ ಶೋಪೀಸ್ ಅಂಗಡಿಯಲ್ಲಿ ಕೇಳಿದರೆ ಬೆಲೆ ಗೊತ್ತಾಗುತ್ತದೆ!

ಇನ್ನು ಬೆಳಕು. ಇಷ್ಟೆಲ್ಲ ಮಾಡಿ ಸಂಜೆ ಬಿಳೀ ಟ್ಯೂಬ್‌ಲೈಟ್ ಒಂದೇ ಹಾಕಿದರೆ ಎಲ್ಲವೂ ಚಪ್ಪಟೆ ಕಾಣುತ್ತವೆ. ಓದೋಕೆ, ಬರೆಯೋಕೆ ಅದು ಇರಲಿ. ಗರುಡನ ಪಕ್ಕಕ್ಕೆ ಒಂದು ಸಣ್ಣ ದೀಪ, ಅದಕ್ಕೆ ವಾರ್ಮ್ ವೈಟ್ ಬಲ್ಬು. ಡಬ್ಬಿ ಮೇಲೆ 2700ಕೆ ಅಥವಾ 3000ಕೆ ಅಂತ ಬರೆದಿರುತ್ತದೆ. ದೀಪವನ್ನು ಮುಂದೆ ಇಡಬೇಡಿ, ಒಂದು ಬದಿಗಿಡಿ, ಆಗ ಆ ಉಬ್ಬು ಒಡವೆಗೆ ನೆರಳು ಬೀಳುತ್ತದೆ. ಹೇಳೋದಕ್ಕಿಂತ ತೋರಿಸಿಬಿಡುತ್ತೇನೆ, ತಡೀರಿ.

[ಟ್ಯೂಬ್‌ಲೈಟ್ ಆರುತ್ತದೆ. ಬದಿಯ ದೀಪ ಹತ್ತುತ್ತದೆ. ಗರುಡನ ಹಾರ ಒಂದೊಂದೇ ಮಣಿಯಾಗಿ ಕಾಣುತ್ತದೆ, ರೆಕ್ಕೆಯ ನೆರಳು ಬರೀ ಗೋಡೆಯ ಮೇಲೆ.]